ನೂರೆಪ್ಪತ್ತನೇ ದಿನದ ಪೆಟ್ಟಿಗೆಗಳು

ಏಪ್ರಿಲ್ 9, ಬುಧವಾರ. ದಿನ 99.

ಕಾಲು ಊದಿದೆ. ಉಪ್ಪುನೀರಿನ ಟಬ್ಬಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇವತ್ತೂ ಎರಡನೇ ಲೈನು, ಪೊರೆ ಸುಲಿಯುವ ಮಷೀನು. ಬೆಂದು ತಣ್ಣಗಾದ ಸಾಸೇಜು ಮೈಮೇಲೆ ಪ್ಲಾಸ್ಟಿಕ್ಕಿನಂಥ ಪೊರೆ ಹೊತ್ತು ಬರುತ್ತದೆ. ಬ್ಲೇಡು ಸೀಳುತ್ತದೆ. ಗಾಳಿ ಊದಿ ಪೊರೆ ಎಸೆಯುತ್ತದೆ. ಬೆತ್ತಲೆ ಹಾಟ್ ಡಾಗು ಬೆಲ್ಟಿನ ಮೇಲೆ ಓಡುತ್ತದೆ. ಇಪ್ಪತ್ತಾರು ವರ್ಷದಿಂದ ಇದೇ ಮೆರವಣಿಗೆ ನೋಡುತ್ತಿದ್ದೇನೆ.

ಬ್ಲೇಡಿನ ಮುಂದಿನ ಕವಚ ಬಿಚ್ಚಿಟ್ಟು ಇವತ್ತಿಗೆ ಒಂದು ವಾರ. ಲೈನಿನ ಓಟ ಜಾಸ್ತಿ ಮಾಡಿದ ಮೇಲೆ ಮಾಲು ಕವಚಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಸೂಪರ್‌ವೈಸರ್ ಹ್ಯಾಸ್ಕೆಟ್ "ಎರಡು ದಿನ ತಡ್ಕೋ ಅರ್ನೆಸ್ಟೀನ್" ಅಂದ. ನನ್ನ ಮಗನಿಗಿಂತ ಚಿಕ್ಕವನು. ಅವನಿಗೆ ನಾನು ಅರ್ನೆಸ್ಟೀನ್, ನನಗೆ ಅವನು ಮಿಸ್ಟರ್ ಹ್ಯಾಸ್ಕೆಟ್.

ನನಗೆ ಅಭ್ಯಾಸವಾಗಿಬಿಟ್ಟಿದೆ. ಸಿಕ್ಕಿಕೊಂಡ ಸಾಸೇಜನ್ನು ಎಡಗೈಯಲ್ಲೇ ಎಳೆಯಬೇಕು. ಬ್ಲೇಡು ತಿರುಗುವ ದಿಕ್ಕಿಗೆ ಎಡಗೈ ಆಚೆ ಬರುತ್ತದೆ, ಬಲಗೈ ಒಳಗೆ ಹೋಗುತ್ತದೆ. ಬಲಗೈ ಬೆನ್ನ ಹಿಂದೆ. ಅಷ್ಟೇ ಗುಟ್ಟು. ಯೂನಿಯನ್ ಇದ್ದ ಕಾಲದಲ್ಲಿ ಆಗಿದ್ದರೆ ಅವತ್ತೇ ಲೈನು ನಿಲ್ಲಿಸುತ್ತಿದ್ದೆವು. ಈಗ ಬಾಯಿ ಬಿಟ್ಟರೆ ಶೀತಲ ಕೋಣೆಗೆ ಹಾಕುತ್ತಾರೆ — ಈ ಕಾಲು ಇಟ್ಟುಕೊಂಡು. ನೋಡೋಣ.

ಡೈರಿಯಲ್ಲೂ ದಿನದ ನಂಬರು ಹಾಕುತ್ತೀಯಲ್ಲ ಅಂತ ಸತ್ತ ಗಂಡ ನಗುತ್ತಿದ್ದ. ಏನು ಮಾಡಲಿ? ಕಾರ್ಖಾನೆಗೆ ತಾರೀಖು ಇಲ್ಲ. ಜನವರಿ ಒಂದು ಅಂದರೆ 1, ವರ್ಷದ ಕೊನೆ 365. ಪೆಟ್ಟಿಗೆ ಮೇಲೆ ದಿನದ ನಂಬರು, ಪಕ್ಕದಲ್ಲಿ ಲೈನಿನ ನಂಬರು. 99-2. ತಲೆ ಹಾಗೇ ಎಣಿಸುತ್ತದೆ. ನನ್ನ ಗೋರಿಯ ಮೇಲೂ ಇದನ್ನೇ ಕೆತ್ತುತ್ತಾರೇನೋ.

ಜೂನ್ 18, ಬುಧವಾರ. ದಿನ 169.

ನಾಳೆ ಬಿಡುಗಡೆ ಹಬ್ಬ. ಗುಲಾಮಗಿರಿ ಮುಗಿಯಿತು ಅನ್ನುವ ಸುದ್ದಿ ನಮ್ಮ ಕಪ್ಪು ಜನಕ್ಕೆ ಎರಡು ವರ್ಷ ತಡವಾಗಿ ತಲುಪಿದ ದಿನ. ಊರಿಗೆಲ್ಲ ರಜೆ, ಕಾರ್ಖಾನೆಗೆ ಇಲ್ಲ. ಜುಲೈ ನಾಲ್ಕರ ಆರ್ಡರು ಬಾಕಿ ಇದೆಯಂತೆ. ಈ ದೇಶ ಸ್ವತಂತ್ರವಾದದ್ದಕ್ಕೆ ಹಾಟ್ ಡಾಗ್ ತಿನ್ನಬೇಕು, ಅದಕ್ಕೆ ನಾವು ಬಿಡುಗಡೆಯಾದ ದಿನ ದುಡಿಯಬೇಕು.

ನಾನು ರಜೆ ಕೇಳಿದೆ. ಚರ್ಚಿನ ಬೀನ್ಸು ನನ್ನ ಪಾಲಿಗೆ ಬಂದಿದೆ. ನನ್ನ ಜಾಗಕ್ಕೆ ಯಾರಾದರೂ ನಿಂತರೆ ಮಾತ್ರ ಕೊಡುತ್ತೇನೆ ಅಂದ ಹ್ಯಾಸ್ಕೆಟ್. ಡೆಲ್ಫೀನ್ ಮಾಸ್ಬಿ ಒಪ್ಪಿದಳು. ಪ್ಯಾಕಿಂಗಿನವಳು, ಪೊರೆ ಮಷೀನು ಅವಳದಲ್ಲ. "ಹೋಗೇ ಟೀನಿ, ನೀನು ಬೀನ್ಸ್ ಬೇಯ್ಸು. ನಿನ್ ಮಷೀನಿಗೆ ನಾನು ಮುತ್ತು ಕೊಟ್ಟು ಸಮಾಧಾನ ಮಾಡ್ತೀನಿ" ಅಂದಳು.

ಅವಳಿಗೆ ಏನೋ ಹೇಳಬೇಕಿತ್ತು. ಬಸ್ಸು ಹತ್ತಿದ ಮೇಲೆ ನೆನಪಾಯಿತು — ಎಡಗೈ. ಮನೆಗೆ ಹೋಗಿ ಫೋನ್ ಮಾಡೋಣ ಅಂದುಕೊಂಡೆ. ಬಂದರೆ ಬೀನ್ಸು ಆರಿಸಬೇಕಿತ್ತು, ನೆನೆಹಾಕಬೇಕಿತ್ತು...

ಜೂನ್ 20, ಶುಕ್ರವಾರ. ದಿನ 171.

ಡೆಲ್ಫೀನ್ ಕೆಲಸಕ್ಕೆ ಬಂದಿಲ್ಲ. ನಿನ್ನೆ ಸ್ನಾನದ ಕೋಣೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳಂತೆ. ಅಲಬಾಮಾದಲ್ಲಿರುವ ಮಗಳ ಮನೆಗೆ ಹೋದಳಂತೆ. ಹ್ಯಾಸ್ಕೆಟ್ ಕೇಳದೆಯೇ ಹೇಳಿದ. ಎರಡು ಸಲ ಹೇಳಿದ.

ನಿನ್ನೆ ಲೈನಿನಲ್ಲಿ ಇದ್ದವರೆಲ್ಲ ಬಾಡಿಗೆ ಏಜೆನ್ಸಿಯ ಹೊಸಬರು. ಇವತ್ತು ಅವರಲ್ಲಿ ಒಬ್ಬರೂ ಇಲ್ಲ. ಬೇರೆ ಹೊಸಬರು.

ಫೋನ್ ಮಾಡಿದೆ. ಡೆಲ್ಫೀನ್ ಎತ್ತಲಿಲ್ಲ. ಮಗಳ ಮನೆಯಲ್ಲಿ ಮೊಮ್ಮಕ್ಕಳ ಗಲಾಟೆ ಇರಬೇಕು.

ಜೂನ್ 22, ಭಾನುವಾರ. ದಿನ 173.

ಆರಾಧನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಮೀಟಿಂಗು. ಜುಲೈ ನಾಲ್ಕರ ಬಾರ್ಬೆಕ್ಯೂಗೆ ಯಾರು ಏನು ತರಬೇಕು ಅಂತ. ಪಾರ್ಕಿನಲ್ಲಿ ಇನ್ನೂರು ಜನ. ಸೊಪ್ಪು, ಕೋಸಿನ ಸಲಾಡು, ಜೋಳದ ತೆನೆ, ಸಾಸಿವೆ ಹಾಕಿದ ಮೊಟ್ಟೆ — ಎಲ್ಲಾ ಸಲೀಸಾಗಿ ಹಂಚಿಕೆಯಾಯಿತು. ಬೀನ್ಸು ನನಗೆ. ಕೆಂಡದ ಒಲೆ ಎಂದಿನಂತೆ ಚರ್ಚಿನ ಹಿರಿಯ, ಡೀಕನ್ ಲೂಷಿಯಸ್‌ಗೆ. ಎಪ್ಪತ್ತೊಂದು ವಯಸ್ಸು, ಚಿಮಟ ಬಿಟ್ಟುಕೊಡುವ ಆಸಾಮಿಯಲ್ಲ.

ಆಲೂಗಡ್ಡೆ ಸಲಾಡಿನ ಸಾಲು ಬಂತು. ಬರೆಯುತ್ತಿದ್ದ ಪೆನ್ನು ನಿಂತಿತು.

ಅದು ಡೆಲ್ಫೀನಳದು. ಹದಿನೆಂಟು ವರ್ಷದಿಂದ ಅವಳದೇ. ನಮ್ಮಲ್ಲಿ ಪಾದ್ರಿಯನ್ನಾದರೂ ಬದಲಾಯಿಸುತ್ತಾರೆ, ಆಲೂ ಸಲಾಡು ಮಾಡುವವರನ್ನಲ್ಲ. ಕೈ ಗೊತ್ತಿಲ್ಲದವರ ಸಲಾಡು ಯಾರೂ ಮುಟ್ಟುವುದಿಲ್ಲ.

ಹೊಸ ಪಾದ್ರಿಯ ಹೆಂಡತಿ ಕೊರಿನ್ ಕೈ ಎತ್ತಿದಳು. ಪಾಪ, ಬಂದು ನಾಲ್ಕು ತಿಂಗಳಾಗಿದೆ. "ನಾನು ಮಾಡ್ಲಾ? ನಾನು ಸ್ವಲ್ಪ ಸೇಬು ಹೆಚ್ಚಿ ಹಾಕ್ತೀನಿ..."

ಡೀಕನ್ ಕನ್ನಡಕ ತೆಗೆದು ಒರೆಸಿದ. "ಸೇಬು" ಅಂದ. ಅಷ್ಟೇ.

"ಸಿಸ್ಟರ್ ಕೊರಿನ್, ನೀವು ಪೇಪರ್ ತಟ್ಟೆ ತನ್ನಿ" ಅಂದೆ ನಾನು. "ಅದೂ ದೊಡ್ಡ ಜವಾಬ್ದಾರಿನೇ."

"ತಟ್ಟೆಗೆ ಸೇಬು ಹಾಕ್ಬೇಡಿ ಮತ್ತೆ" ಅಂದರು ಹಿಂದಿನಿಂದ ಯಾರೋ. ನಕ್ಕೆವು. ಅವಳೂ ನಕ್ಕಳು. ಕಿವಿ ಕೆಂಪಾಗಿತ್ತು.

ಡೆಲ್ಫೀನ್ ನಾಲ್ಕರ ಒಳಗೆ ಬಂದೇ ಬರುತ್ತಾಳೆ ಅಂತ ಅವಳ ಹೆಸರನ್ನೇ ಬರೆದೆವು. ಹಾಟ್ ಡಾಗ್ ಕಡಿಮೆ ರೇಟಿಗೆ ಕಾರ್ಖಾನೆಯಿಂದ ನಾನು ತರಬೇಕು. ಕೇಳಬೇಕು ಆ ಪುಣ್ಯಾತ್ಮನನ್ನು.

ಜೂನ್ 25, ಬುಧವಾರ. ದಿನ 176.

ಎರಡನೇ ಲೈನು ಇಡೀ ದಿನ ನಿಂತಿತ್ತು. ಬೆಳಿಗ್ಗೆ ಹೋದರೆ ಮಷೀನಿನ ಸುತ್ತ ಫಿಟ್ಟರುಗಳು. ಹೊಸ ಕವಚ ಹಾಕುತ್ತಿದ್ದಾರೆ. ಹಳದಿ ಬಣ್ಣ, ಇನ್ನೂ ಪೇಂಟಿನ ವಾಸನೆ. ಎರಡೂವರೆ ತಿಂಗಳು ಇಲ್ಲದ ಕಾಳಜಿ ಈಗ ಎಲ್ಲಿಂದ ಬಂತೋ. ನಮ್ಮನ್ನೆಲ್ಲ ನೆಲ ತೊಳೆಯಲು ಹಚ್ಚಿದರು. ಒಂದು ಸಾಸೇಜೂ ಓಡಲಿಲ್ಲ.

ಹ್ಯಾಸ್ಕೆಟ್ ಒಳ್ಳೆ ಮೂಡಿನಲ್ಲಿದ್ದ. ಹೆದರುತ್ತಾ ಕೇಳಿದೆ — ಚರ್ಚಿನ ಬಾರ್ಬೆಕ್ಯೂಗೆ ಸ್ವಲ್ಪ ಕಡಿಮೆ ಮಾಡಿ...

"ಕಡಿಮೆ ಯಾಕೆ ಅರ್ನೆಸ್ಟೀನ್? ಪುಕ್ಕಟೆ ತಗೋ. ಹನ್ನೆರಡು ಪೆಟ್ಟಿಗೆ. ನಮ್ ಕಡೆಯಿಂದ ನಿಮ್ ಜನಕ್ಕೆ."

ಥ್ಯಾಂಕ್ಸ್ ಮಿಸ್ಟರ್ ಹ್ಯಾಸ್ಕೆಟ್ ಅಂದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಹರಿದ ಕೈಗವಸು ಬದಲಿಸಿ ಕೊಟ್ಟವರಲ್ಲ. ಆಫೀಸಿನ ಹುಡುಗಿ ಬಂದು ಫೋಟೋ ತೆಗೆದಳು. ಹ್ಯಾಸ್ಕೆಟ್ ಕೈ ಕುಲುಕುತ್ತಿದ್ದಾನೆ, ನಾನು ಹಲ್ಲು ಕಿರಿದಿದ್ದೇನೆ. ನೋಟಿಸ್ ಬೋರ್ಡಿಗೆ ಹಾಕುತ್ತಾರಂತೆ.

ಡೀಕನ್‌ಗೆ ಫೋನಿನಲ್ಲಿ ಹೇಳಿದೆ. "ಸಿಸ್ಟರ್ ಪ್ರೂಯಿಟ್, ನೀನು ಕಲ್ಲಿಂದ ನೀರು ತೆಗ್ದೆ" ಅಂದ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಯಿತು.

ಜುಲೈ 1, ಮಂಗಳವಾರ. ದಿನ 182. ಸಂಜೆ.

ಡೆಲ್ಫೀನಳ ಮಗಳು ರೆನೇಟಾ ಅಲಬಾಮಾದಿಂದ ಫೋನ್ ಮಾಡಿದ್ದಳು.

"ಟೀನಿ ಆಂಟಿ, ಅಮ್ಮಂಗೆ ಡಬಲ್ ಶಿಫ್ಟಾ? ಹತ್ತು ದಿನದಿಂದ ಬರೀ ಮೆಸೇಜು. ಫೋನೇ ಎತ್ತಲ್ಲ."

"ಅವಳು ನಿನ್ ಹತ್ರ ಇಲ್ವಾ?"

"ನನ್ ಹತ್ರ ಯಾಕಿರ್ತಾಳೆ?"

ಒಲೆಯ ಮೇಲೆ ಏನೋ ಸೀಯುತ್ತಿತ್ತು. ಏನು ಅಂತ ಈಗಲೂ ನೆನಪಿಲ್ಲ.

ಜುಲೈ 2, ಬುಧವಾರ. ದಿನ 183.

ಶಿಫ್ಟು ಮುಗಿದದ್ದೇ ಅವಳ ಮನೆಗೆ ಹೋದೆ. ನಾಲ್ಕು ಬೀದಿ ಆಚೆ. ನಾಲ್ಕೇ ಬೀದಿ. ಪರದೆ ಎಳೆದಿತ್ತು. ಬಡಿದೆ. "ಡೆಲ್ಫೀನ್, ನಾನು ಬಾಗಿಲು ಮುರಿಯೋಳು, ನಿಂಗೊತ್ತು" ಅಂದೆ. ಚಿಲಕ ತೆಗೆಯಲು ಬಹಳ ಹೊತ್ತು ಹಿಡಿಯಿತು. ಯಾಕೆ ಅಂತ ತೆರೆದ ಮೇಲೆ ಗೊತ್ತಾಯಿತು.

ಬಲಗೈ. ಮೊಣಕೈವರೆಗೂ ಬ್ಯಾಂಡೇಜು. ತುದಿಯಲ್ಲಿ ಹೆಬ್ಬೆರಳು, ಕಿರುಬೆರಳು. ನಡುವೆ ಏನೂ ಇಲ್ಲ.

ನಾನು ಕುಳಿತೆ. ಕುರ್ಚಿ ಇತ್ತೋ ಇಲ್ಲವೋ ನೋಡದೆ ಕುಳಿತೆ. ಇತ್ತು.

"ಜಾರಿ ಬಿದ್ದೆ ಅಂದ್ರು" ಅಂದೆ. ಎಂಥ ಮಾತು.

"ಹೂಂ. ಮಷೀನಿನೊಳಗೆ ಜಾರಿ ಬಿದ್ದೆ." ಅವಳು ನಗಲು ನೋಡಿದಳು. "ಸಾಸೇಜ್ ಸಿಕ್ಕಾಕ್ಕೊಂಡಿತ್ತು ಕಣೇ. ಬಲಗೈ ಹಾಕ್ದೆ. ಯಾರು ತಾನೇ ಎಡಗೈ ಹಾಕ್ತಾರೆ?"

ನಾನು ನೆಲ ನೋಡಿದೆ.

ಆಂಬುಲೆನ್ಸ್ ಕರೆಯಲಿಲ್ಲವಂತೆ. ಕರೆದರೆ ದಾಖಲೆಯಾಗುತ್ತದೆ. ಹ್ಯಾಸ್ಕೆಟ್ ತನ್ನ ಕಾರಿನ ಸೀಟಿಗೆ ಕಸದ ಚೀಲ ಹಾಸಿ ಕೂರಿಸಿ, ರಾಜ್ಯದ ಗಡಿ ದಾಟಿಸಿ, ಮಿಷಿಗನ್ನಿನ ಯಾವುದೋ ಕ್ಲಿನಿಕ್ಕಿಗೆ ಕರೆದುಕೊಂಡು ಹೋದನಂತೆ. ಮನೆಯಲ್ಲಿ ಜಾರಿ ಬಿದ್ದೆ ಅಂತ ಬರೆದ ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕಿಸಿಕೊಂಡನಂತೆ. ಬಾಯಿ ಮುಚ್ಚಿಕೊಂಡಿದ್ದರೆ ಗೇಟಿನಲ್ಲಿ ಕೂರುವ ಕೆಲಸ. ಬಾಯಿ ಬಿಟ್ಟರೆ ಅದೂ ಇಲ್ಲ. ಕೈ ವಾಸಿಯಾಗುವವರೆಗೆ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು.

"ಎರಡು ಬೆರಳು ಐಸಿನ ಚೀಲದಲ್ಲಿ ಬಂದ್ವು. ಜೋಡ್ಸೋಕೆ ಆಗ್ಲಿಲ್ಲ. ಮೂರನೇದು..." ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಹುಡುಕಿದ್ರು ಟೀನಿ. ಸಿಗ್ಲಿಲ್ಲ. ಅವತ್ತಿನ ಅಷ್ಟೂ ಮಾಲಿಗೆ ಕೆಂಪು ಚೀಟಿ ಹಾಕಿದ್ದು ನಾನೇ ನೋಡ್ದೆ. ಎಸೆದಿರ್ತಾರೆ ಬಿಡು."

ಕೆಂಪು ಚೀಟಿ ಅಂದರೆ ನಾಶ ಮಾಡಬೇಕಾದ ಮಾಲು. ಎಸೆದಿರುತ್ತಾರೆ.

ಎಡಗೈಯ ಗುಟ್ಟು ಹೇಳಲೇ ಇಲ್ಲ ನಾನು. ಅವತ್ತೂ ಹೇಳಲಿಲ್ಲ, ಇವತ್ತೂ ಹೇಳಲಿಲ್ಲ.

ಹೊರಡುವಾಗ ಅವಳೇ ಕೇಳಿದಳು: "ಸಲಾಡು ಯಾರಿಗೆ ಕೊಟ್ರಿ?"

"ನಿನ್ ಹೆಸರೇ ಇದೆ."

"ಹಂಗಾದ್ರೆ ನಾಳೆ ಬಾ. ಕೈ ನಿಂದು, ನಾಲಗೆ ನಂದು."

ಜುಲೈ 3, ಗುರುವಾರ. ದಿನ 184.

ಮಧ್ಯಾಹ್ನ ರಜೆ ಹಾಕಿ ಅವಳ ಅಡುಗೆಮನೆಯಲ್ಲಿ ನಿಂತೆ. ಐವತ್ತು ಪೌಂಡು ಆಲೂಗಡ್ಡೆ. ಸಿಪ್ಪೆ ಸಮೇತ ಬೇಯಿಸಿ, ಕೈ ಸುಡುತ್ತಿರುವಾಗಲೇ ಸುಲಿದೆ. ಅವಳು ಕುರ್ಚಿಯಲ್ಲಿ ಕುಳಿತು ಸೈನ್ಯ ನಡೆಸಿದಳು.

"ವಿನೆಗರ್ ಈಗ್ಲೇ ಹಾಕು, ಬಿಸಿ ಇರೋವಾಗ. ತಣ್ಣಗಾದ್ಮೇಲೆ ಆಲೂಗಡ್ಡೆಗೆ ಕಿವಿ ಕೇಳ್ಸಲ್ಲ."

"ಸಾಸಿವೆ ಎಷ್ಟು?"

"ಬಣ್ಣ ನೋಡು. ಪಾದ್ರಿ ಕಾರಿನ ಬಣ್ಣ ಬರ್ಬೇಕು. ಸಾಕು. ಸಾಕು ಅಂದೆ. ನಿನ್ ಕೈಗೆ ಬ್ರೇಕಿಲ್ವಾ?"

ಈರುಳ್ಳಿ ತಣ್ಣೀರಲ್ಲಿ ನೆನೆಸಿ ಹಿಂಡಿದೆ. ಸೆಲರಿ ದಂಟು, ಸಿಹಿ ಉಪ್ಪಿನಕಾಯಿಯ ಸೌತೆ, ಮೊಟ್ಟೆ. ಮೇಲೆ ಕೆಂಪು ಪುಡಿ ಉದುರಿಸುವುದು ಮಾತ್ರ ನಾನೇ ಅಂದಳು. ಎಡಗೈಯಲ್ಲಿ ಉದುರಿಸಿದಳು. ಅರ್ಧ ಬಟ್ಟಲಿಗೆ, ಅರ್ಧ ಮೇಜಿಗೆ. ಚಮಚದಲ್ಲಿ ರುಚಿ ನೋಡಿ ಕಣ್ಣು ಮುಚ್ಚಿಕೊಂಡಳು.

"ನಂದೇ" ಅಂದಳು.

ಈಗ ಹೇಳಿಬಿಡಬೇಕು ಅಂದುಕೊಂಡೆ. ಬಾಯಿ ತೆರೆದೆ ಕೂಡ. "ಉಪ್ಪು ಸರಿಯಾಗಿದ್ಯಾ" ಅಂತ ಬಂತು.

ಸಲಾಡಿನ ಬೋಗುಣಿ ಅವಳ ಫ್ರಿಜ್ಜಿನಲ್ಲೇ ಇದೆ. ಬೆಳಿಗ್ಗೆ ಯಾರನ್ನಾದರೂ ಕಳಿಸಿ ತರಿಸುತ್ತೇನೆ, ನೀನು ಹೊರಗೆ ಬರಬೇಡ ಅಂದೆ. ಮನೆಗೆ ಬಂದು ನನ್ನ ಬೀನ್ಸು ಓವನ್ನಿಗೆ ಇಟ್ಟೆ. ಕಾಕಂಬಿ, ಸಾಸಿವೆ, ಹೊಗೆಯಾಡಿಸಿದ ಟರ್ಕಿ ಕೋಳಿಯ ಕತ್ತು. ಕಾರ್ಖಾನೆಯ ಲಾರಿ ಬಂದಿತ್ತಂತೆ. ಹನ್ನೆರಡು ಪೆಟ್ಟಿಗೆ ಚರ್ಚಿನ ಶೀತಲ ಕೋಣೆಯಲ್ಲಿ ಇಳಿಸಿಕೊಂಡೆ ಅಂದ ಡೀಕನ್.

ಜುಲೈ 4, ಶುಕ್ರವಾರ. ದಿನ 185. ಬೆಳಿಗ್ಗೆ 9.

ಪಾರ್ಕಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಡೀಕನ್ ಇದ್ದಿಲು ಹಚ್ಚಿದ್ದಾನೆ. ಅರ್ಧ ಕಡಿದ ಡ್ರಮ್ಮು ಮೂರು, ಮೇಲೆ ಜಾಲರಿ. ಬೂದಿ ಬಿಳಿಯಾಗುವವರೆಗೆ ಯಾರೂ ಹತ್ತಿರ ಬರುವ ಹಾಗಿಲ್ಲ. ಹಾಟ್ ಡಾಗಿಗೆ ಓರೆಯಾಗಿ ಮೂರು ಗೀರು, ಚಿಮಟದಲ್ಲೇ ತಿರುಗಿಸಬೇಕು. ಫೋರ್ಕ್ ಚುಚ್ಚಿದವನು ತನ್ನ ಹೆಣಕ್ಕೂ ಬರಕೂಡದು ಅನ್ನುತ್ತಾನೆ. ಬಿಸಿಲು ಚುರುಗುಟ್ಟುವ ದಿನ. ತಲೆಗೆ ಕರವಸ್ತ್ರ ಕಟ್ಟಿಕೊಂಡಿದ್ದೇನೆ.

ಡೆಲ್ಫೀನ್ ನೆನಪಾಗುತ್ತಾಳೆ. ಅವಳಿಗೊಂದು ತಟ್ಟೆ ಕಟ್ಟಿ ಇಡಬೇಕು. ಬರಲಾಗದವರಿಗೆ ಫಾಯಿಲ್ ಸುತ್ತಿ ಹೆಸರು ಬರೆದು ಮೊದಲೇ ಎತ್ತಿಡುವುದು ನಮ್ಮ ಪದ್ಧತಿ. ಎರಡು ಹಾಟ್ ಡಾಗ್, ಬೀನ್ಸು, ಸೊಪ್ಪು.

ಅದೇ ದಿನ, ಸಂಜೆ 5.

ಬರೆಯಬೇಕು. ಆದ ಹಾಗೆಯೇ, ಆದ ಕ್ರಮದಲ್ಲೇ ಬರೆಯಬೇಕು.

ಹನ್ನೊಂದಕ್ಕೆ ಶುರುಮಾಡಿದೆವು. ಮೊದಲ ನಾಲ್ಕು ಪೆಟ್ಟಿಗೆ ಡೀಕನ್ನೇ ಒಡೆದಿದ್ದ. ನಾನು ಬನ್ನು ಬಿಸಿ ಮಾಡುತ್ತಾ ನಿಂತಿದ್ದೆ. ಸಾಲು ಮರದವರೆಗೂ ಇತ್ತು. ಮಕ್ಕಳು, ಮುದುಕರು, ಕಾರ್ಖಾನೆಯ ನಮ್ಮವರು. ಡೆಲ್ಫೀನಳ ತಟ್ಟೆ ಕಟ್ಟಿ ಹೆಸರು ಬರೆದು ಮೇಜಿನ ತುದಿಗಿಟ್ಟೆ.

ಐದನೇ ಪೆಟ್ಟಿಗೆ ನಾನು ಎತ್ತಿಕೊಂಡೆ. ಚೀಟಿ ಓದಿದೆ. ಓದಬೇಕು ಅಂತಲ್ಲ, ಕಣ್ಣು ತಾನಾಗಿ ಓದುತ್ತದೆ. 176-2.

ಚಾಕು ಹಾಕಿ ಟೇಪು ಕೊಯ್ದೆ. ಕೈ ಅಲ್ಲಿಗೇ ನಿಂತಿತು.

176ಕ್ಕೆ ಎರಡನೇ ಲೈನು ಓಡಲೇ ಇಲ್ಲ. ಹಳದಿ ಕವಚ ಹಾಕಿದ ದಿನ ಅದು. ನೆಲ ತೊಳೆದ ದಿನ. ನನ್ನ ಫೋಟೋ ತೆಗೆದ ದಿನ.

ಐಸಿನ ಪಸೆಗೆ ಚೀಟಿಯ ಮೂಲೆ ಎದ್ದಿತ್ತು. ಉಗುರು ಹಾಕಿ ಎಳೆದೆ. ಕೆಳಗೆ ಇನ್ನೊಂದು ಚೀಟಿ.

170-2.

ಬಿಡುಗಡೆ ಹಬ್ಬ. ನನ್ನ ಲೈನು. ಅವಳ ಕೈ.

ಇನ್ನೊಂದು ಪೆಟ್ಟಿಗೆಯ ಚೀಟಿ ಕಿತ್ತೆ. 170-2. ಡೀಕನ್ ಬಿಸಾಕಿದ್ದ ಖಾಲಿ ಪೆಟ್ಟಿಗೆಯದೂ ಕಿತ್ತೆ. 170-2. ಒಂದರ ಬದಿಯಲ್ಲಿ ಕೆಂಪು ಕಾಗದ ಹರಿದ ಗುರುತು, ಅಂಟಿನ ಸಮೇತ. ಸುಡಬೇಕಾದ ಮಾಲು. ಸುಡಲು ಖರ್ಚು. ನಾಯಿಗೆ ಹಾಕಿದರೆ ಕೇಸು. ನಮಗೆ ಹಾಕಿದರೆ ದಾನ, ಮೇಲೆ ಒಂದು ಫೋಟೋ. ನಮ್ಮ ಬಿಡುಗಡೆಯ ದಿನದ ರಕ್ತವನ್ನು ತಮ್ಮ ಸ್ವಾತಂತ್ರ್ಯದ ದಿನ ನಮ್ಮ ಬಾಯಿಗೇ ಇಟ್ಟರು. ಕೇಳಿ ತಂದವಳು ನಾನು. ಥ್ಯಾಂಕ್ಸ್ ಅಂದವಳೂ ನಾನೇ.

ಕಿವಿಯಲ್ಲಿ ಶಬ್ದವೇ ಇರಲಿಲ್ಲ. ಎಲ್ಲರ ಬಾಯಿ ಆಡುತ್ತಿತ್ತು. ಅಗಿಯುತ್ತಿದ್ದರು. ನಗುತ್ತಿದ್ದರು. ಒಬ್ಬಳು ಮಗುವಿಗೆ ಚಿಕ್ಕ ತುಂಡು ಮಾಡಿ ತಿನ್ನಿಸುತ್ತಿದ್ದಳು.

ಐಸು ಕರಗಿದ ಬಕೆಟ್ಟು ಎತ್ತಿ ಡ್ರಮ್ಮಿಗೆ ಸುರಿದೆ. ಬೂದಿ ಎದ್ದಿತು. ಎರಡನೇ ಡ್ರಮ್ಮಿಗೆ ನಿಂಬೆ ಶರಬತ್ತು ಸುರಿದೆ.

"ಸಿಸ್ಟರ್ ಪ್ರೂಯಿಟ್, ಬಿಸಿಲು ತಲೆಗೇರ್ತಾ ನಿಂಗೆ?" ಡೀಕನ್ ಚಿಮಟ ಹಿಡಿದು ಅಡ್ಡ ಬಂದ. ಅವನ ಇನ್ನೊಂದು ಕೈಯಲ್ಲಿ ಅರ್ಧ ತಿಂದ ಹಾಟ್ ಡಾಗ್.

"ತಿನ್ಬೇಡಿ" ಅಂದೆ. ಯಾರಿಗೂ ಕೇಳಿಸಲಿಲ್ಲ. ಬೆಂಚು ಹತ್ತಿದೆ. "ಕೆಳಗಿಡಿ. ಎಲ್ರೂ ಕೆಳಗಿಡಿ."

ಹೇಳಿದೆ. ಕೆಂಪು ಚೀಟಿ, ನಂಬರು, ಎಲ್ಲ. ಡೆಲ್ಫೀನಳ ಹೆಸರು ಮಾತ್ರ ಹೇಳಲಿಲ್ಲ. ಒಬ್ಬರಿಗೆ ಏಟಾಯಿತು, ರಕ್ತ ಬಿತ್ತು ಅಂದೆ. ಸಿಗದ ಬೆರಳಿನ ಮಾತು ನಾಲಗೆ ಎತ್ತಲಿಲ್ಲ.

ಇನ್ನೂರು ಜನ ತಮ್ಮ ತಮ್ಮ ಕೈ ನೋಡಿಕೊಂಡರು. ಒಬ್ಬ ಮರದ ಹಿಂದೆ ಹೋಗಿ ಬಗ್ಗಿದ. "ಪುಕ್ಕಟೆ ಅಂದಾಗ್ಲೇ ಅನ್ಕೊಂಡೆ" ಅಂದಳು ಒಬ್ಬಳು, ತನಗೇ.

ಡೀಕನ್ ತಗ್ಗಿದ ದನಿಯಲ್ಲಿ ಅಂದ: "ತಿಂದಾಗಿದೆ, ಸಿಸ್ಟರ್. ಈಗ ಹೇಳಿ ಏನು ಬಂತು? ಸೋಮವಾರ ಅರ್ಧ ಜನ ಅದೇ ಗೇಟಿಗೆ ಹೋಗ್ಬೇಕು. ಯಾರಿಗೆ ಏಟಾಯ್ತು ಅಂತ ಹೆಸರಾದ್ರೂ ಇದ್ಯಾ? ಹೆಸರಿಲ್ದೆ ಇದು ಬರೀ ಮಾತು."

ಕೊರಿನ್ ಮಾತ್ರ ಅಲುಗಾಡಿದಳು. ಕಸದ ಚೀಲ ಹಿಡಿದು ಮೇಜಿನಿಂದ ಮೇಜಿಗೆ ಹೋದಳು. "ಇಲ್ಲಿಗೆ ಹಾಕು ಕಂದ. ಬಾಯಲ್ಲಿರೋದೂ ಉಗುಳು. ನಾನು ಬೈಯಲ್ಲ." ನಾವು ಸೇಬು ಅಂತ ನಕ್ಕ ಹೆಂಗಸು. ಒಡೆಯದ ಪೆಟ್ಟಿಗೆಗಳನ್ನು ಎಳೆದು ತನ್ನ ಕಾರಿಗೆ ಹಾಕಿಕೊಂಡು ಬಾಗಿಲು ಲಾಕ್ ಮಾಡಿದವಳೂ ಅವಳೇ. "ಇದು ಸಾಕ್ಷಿ" ಅಂದಳು. ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಗ ಗೇಟಿನ ಕಡೆ ಜನ ಸರಿದರು.

ಡೆಲ್ಫೀನ್. ಬೋಗುಣಿ ತರಲು ಯಾರನ್ನೂ ಕಳಿಸಿರಲಿಲ್ಲ ನಾನು. ಮರೆತಿದ್ದೆ. ಹನ್ನೆರಡಾದರೂ ಯಾರೂ ಬಾರದ್ದಕ್ಕೆ ಅವಳೇ ಹೊರಟುಬಿಟ್ಟಿದ್ದಾಳೆ — ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಸಲಾಡು ತಡವಾಗಿರಲಿಲ್ಲ. ಮೊಮ್ಮಕ್ಕಳ ಹಳೇ ಎಳೆಬಂಡಿಯಲ್ಲಿ ಐಸಿನ ನಡುವೆ ಬೋಗುಣಿ, ಎಡಗೈಯಲ್ಲಿ ಹಿಡಿ. ಬಲಗೈಗೆ ಟವೆಲ್ ಸುತ್ತಿದ್ದಳು. ಒದ್ದೆ ಡ್ರಮ್ಮು ನೋಡಿದಳು. ಕಿತ್ತ ಚೀಟಿ ನೋಡಿದಳು. ಪ್ಯಾಕಿಂಗಿನವಳು. ನಂಬರು ಓದಲು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೇಜಿನ ತುದಿಯಲ್ಲಿದ್ದ ತಟ್ಟೆಯ ಮೇಲಿನ ತನ್ನ ಹೆಸರನ್ನೂ ಓದಿದಳು.

ಟವೆಲ್ ಬಿಚ್ಚಿದಳು. ಕೈ ಎತ್ತಿ ಹಿಡಿದಳು. ಎರಡು ಬೆರಳು, ನಡುವೆ ಆಕಾಶ.

ಡೀಕನ್ ಲೂಷಿಯಸ್ ಕೈಯಲ್ಲಿದ್ದ ತುಂಡು ಬಿತ್ತು. ಟೋಪಿ ತೆಗೆದ. ಆಮೇಲೆ ಚಿಮಟವನ್ನು ಮೇಜಿನ ಮೇಲಿಟ್ಟ.

"ಸಲಾಡು ಬಿಸಿಲಿಗೆ ಕೆಡುತ್ತೆ" ಅಂದಳು ಡೆಲ್ಫೀನ್. "ತಟ್ಟೆ ತನ್ನಿ."

ಎಡಗೈಯಲ್ಲಿ ಬಡಿಸಿದಳು. ಇನ್ನೂರು ಜನಕ್ಕೂ. ಸಾಲು ಮುರಿಯಲಿಲ್ಲ. ಆಲೂ ಸಲಾಡು, ಬೀನ್ಸು, ಸೊಪ್ಪು — ತಿಂದರು. ಅವಳ ಕೈಯಿಂದ ಬಂದದ್ದನ್ನು ಬೇಡ ಅನ್ನುವ ಧೈರ್ಯ ಯಾರಿಗಿದೆ?

ಜುಲೈ 5, ಶನಿವಾರ. ದಿನ 186.

ಬೆಳಿಗ್ಗೆ ಎಂಟಕ್ಕೆ ಹ್ಯಾಸ್ಕೆಟ್ ಫೋನು. "ಅರ್ನೆಸ್ಟೀನ್, ಏನೋ ಲೇಬಲ್ ಮಿಸ್ಟೇಕ್ ಆಗಿದೆ. ಉಳಿದ ಪೆಟ್ಟಿಗೆ ವಾಪಸ್ ಕೊಡು. ಬೇರೆ ಕಳಿಸ್ತೀನಿ. ಡಬಲ್."

"ಇಲ್ಲ ಹ್ಯಾಸ್ಕೆಟ್" ಅಂದೆ. ಮಿಸ್ಟರ್ ಬಿಟ್ಟುಹೋಯಿತು. ಬೇಕು ಅಂತ ಬಿಡಲಿಲ್ಲ, ಬಿದ್ದುಹೋಯಿತು.

ಪೆಟ್ಟಿಗೆಗಳು ಕೊರಿನ್ ಕಾರಿನಿಂದ ಮತ್ತೆ ಚರ್ಚಿನ ಶೀತಲ ಕೋಣೆ ಸೇರಿವೆ. ಹೊರಗೆ ಡೀಕನ್ ಕುರ್ಚಿ ಹಾಕಿಕೊಂಡು ಕುಳಿತಿದ್ದಾನೆ. ಚಿಮಟ ತೊಡೆಯ ಮೇಲೆ.

ಕೊರಿನ್ ಸರ್ಕಾರದ ಕಾರ್ಮಿಕ ಕಚೇರಿಯ ರಜಾದಿನದ ನಂಬರು ಹುಡುಕಿ ಫೋನ್ ಮಾಡಿದಳು. ಆಚೆಯಿಂದ ಒಬ್ಬ ಹೆಂಗಸು. ಮಾಂಸದ್ದು ಬೇರೆ ಇಲಾಖೆ, ಅವರಿಗೂ ತಿಳಿಸುತ್ತೇನೆ, ಕೈಗಾದ ಗಾಯದ ವಿಚಾರ ನಮ್ಮದು ಅಂದಳು. ಸೋಮವಾರ ಬರುತ್ತಾಳಂತೆ. ಕೊನೆಗೊಂದು ಕೇಳಿದಳು: "ಕವಚ ಈಗ ಇದೆ. ಮೊದ್ಲಿಂದ್ಲೂ ಇತ್ತು ಅಂತಾರೆ ಅವ್ರು. ಇರ್ಲಿಲ್ಲ ಅನ್ನೋಕೆ ಆವಾಗ್ಲೇ ಬರೆದಿಟ್ಟಿದ್ದು ಏನಾದ್ರೂ ಇದ್ಯಾ? ತಾರೀಖು ಹಾಕಿ?"

ಇಲ್ಲ ಅಂದಳು ಕೊರಿನ್, ನನ್ನ ಕಡೆ ನೋಡುತ್ತಾ.

ನಾನೂ ಇಲ್ಲ ಅಂತ ತಲೆ ಆಡಿಸಿದೆ.

ಮನೆಗೆ ಬಂದು ಈ ಡೈರಿಯ ಹಾಳೆ ತಿರುಗಿಸಿದೆ. ದಿನ 99. ಇದೆ. ತಾರೀಖು, ಬ್ಲೇಡು, ಕವಚ, ಹ್ಯಾಸ್ಕೆಟ್ ಆಡಿದ ಮಾತು. ಅದರ ಕೆಳಗೇ — ನನಗೆ ಅಭ್ಯಾಸವಾಗಿಬಿಟ್ಟಿದೆ. ಅಷ್ಟೇ ಗುಟ್ಟು. ನೋಡೋಣ. ನನ್ನದೇ ಅಕ್ಷರ. ದಿನ 169ರಲ್ಲಿ ಬೀನ್ಸು. ನಾನು ಬೀನ್ಸು ಆರಿಸುತ್ತಿದ್ದೆ.

ಹ್ಯಾಸ್ಕೆಟ್‌ನನ್ನು ಹಿಡಿಯುವ ಹಾಳೆ ಇದೊಂದೇ. ಅದು ಮೊದಲು ಹಿಡಿಯುವುದು ನನ್ನನ್ನು. ಈ ಹಾಳೆ ಕಚೇರಿಯ ಹೆಂಗಸಿಗಿಂತ ಮುಂಚೆ ಒಬ್ಬಳು ಓದಬೇಕು.

ಜುಲೈ 6, ಭಾನುವಾರ. ದಿನ 187. ಮಧ್ಯಾಹ್ನ, ಡೆಲ್ಫೀನಳ ಅಡುಗೆಮನೆ.

ಓದಿ ಹೇಳಿದೆ. ಪೂರ್ತಿ. ಎಡಗೈ ಸಾಲನ್ನು ಎರಡು ಸಲ ಓದಬೇಕಾಯಿತು, ಎರಡನೇ ಸಲ ಅವಳೇ ಕೇಳಿ ಓದಿಸಿದಳು.

ಅವಳು ಎದ್ದು ಸಿಂಕಿನ ಹತ್ತಿರ ಹೋದಳು. ನಲ್ಲಿ ತಿರುಗಿಸಿದಳು. ನೀರು ಸುಮ್ಮನೆ ಹರಿಯಿತು. ಬಾಗಿಲು ತೋರಿಸುತ್ತಾಳೆ ಅಂದುಕೊಂಡೆ. ತೋರಿಸಿದ್ದರೆ ಒಳ್ಳೆಯದಿತ್ತು.

ನಲ್ಲಿ ನಿಲ್ಲಿಸಿ ಬಂದು ಎದುರಿಗೆ ಕುಳಿತಳು.

"ಫೋನ್ ಒಂದು" ಅಂದಳು. "ಒಂದೇ ಒಂದು ಫೋನ್, ಟೀನಿ."

ಡೈರಿಯನ್ನು ತನ್ನ ಕಡೆ ಎಳೆದುಕೊಂಡಳು, ಮತ್ತೆ ನನ್ನ ಕಡೆ ತಳ್ಳಿದಳು.

"ಪೆನ್ನಿದ್ಯಾ?" ಅಂದಳು. "ನಾಳೆ ಆ ಹೆಂಗ್ಸಿಗೆ ಕೊಡೋದು. ಇದರಲ್ಲೇ ಬರಿ, 99ರ ಹಾಳೆ ಇರೋ ಪುಸ್ತಕದಲ್ಲೇ. ನಂಗಿನ್ನೂ ಎಡಗೈ ಬರಲ್ಲ. ನಾನು ಹೇಳಿದ್ದು ಹೇಳ್ದಂಗೆ ಬರಿ. ಸಾಸಿವೆ ಥರ ನಿನ್ನಿಷ್ಟಕ್ಕೆ ಸುರೀಬೇಡ."

ಬರೆಯುತ್ತಿದ್ದೇನೆ.

ನನ್ನ ಹೆಸರು ಡೆಲ್ಫೀನ್ ಮಾಸ್ಬಿ. ನೂರೆಪ್ಪತ್ತನೇ ದಿನ ಎರಡನೇ ಲೈನಿನಲ್ಲಿ ನಾನು ನಿಂತಿದ್ದು ನನ್ನ ಗೆಳತಿ ಅರ್ನೆಸ್ಟೀನ್ ಪ್ರೂಯಿಟ್ ಜಾಗದಲ್ಲಿ. ಬ್ಲೇಡಿನ ಮುಂದೆ ಕವಚ ಇರಲಿಲ್ಲ. ಅದು ಇಲ್ಲ ಅಂತ ಹ್ಯಾಸ್ಕೆಟ್‌ಗೆ ಗೊತ್ತಿತ್ತು. ಇನ್ನೊಬ್ಬಳಿಗೂ ಗೊತ್ತಿತ್ತು. ಅವಳು —

ಪೆನ್ನು ನಿಲ್ಲಿಸ್ಬೇಡ ಟೀನಿ. ಬರಿ. ಅವಳು